ಪಾಲಿಗೆ ಬಿದ್ದ ಡಬ್ಬಿ

"ಒಂದು ತಾ ಅಂದ್ರ ನಾಕು ತಂದೀಯಲ್ಲ, ತಲಿ ನೆಟ್ಟಗೈತೇನ್ ನಿಂದು?"

"ನನ್ನ ತಲಿ ನೆಟ್ಟಗ ಐತಿ. ನಿನ್ನ ತಲ್ಯಾಗ ಕ್ಯಾಮೆರಾ ಬಿಟ್ರ ಮತ್ತೇನೂ ಇಲ್ಲ. ಸರಿ ಆ ಕಡೆ, ಬೆಳಕು ಬಿಡು."

"ಒಂದರಾಗ ಹಿಡಿಯೂದನ್ನ ನಾಕರಾಗ ಇಡ್ತಾಳಂತ! ಊರ ಮಂದಿ ಕೇಳಿದ್ರ ನಗ್ತಾರ."

"ನಗಲಿ. ನಕ್ಕವರ ಮದವಿನೂ ಇದರಾಗ ಇರ್ತಾವು."

ನಾನು ಹುಟ್ಟಿದ ಗಳಿಗೆಯಲ್ಲಿ ಆ ಕೋಣೆಯಲ್ಲಿ ನಡೆದ ಮಾತು ಇದು. ಬೇರೆಯವರು ಹುಟ್ಟಿದಾಗ ತೊಟ್ಟಿಲು ಕಟ್ಟುತ್ತಾರೆ, ಸಕ್ಕರೆ ಹಂಚುತ್ತಾರೆ. ನನಗೆ ಸಿಕ್ಕಿದ್ದು ಬೈಗುಳ. ಅಂದಿನಿಂದ ನನ್ನ ಸ್ವಭಾವವೂ ಹಾಗೇ ಆಗಿದೆ. ನಯವಾಗಿ ಹೇಳುವುದು ನನಗೆ ಬರುವುದಿಲ್ಲ. ಇಷ್ಟವಿದ್ದವರು ಓದಿ.

ನಾನು ಒಂದು ಸಂಗ್ರಹದ ಪೆಟ್ಟಿಗೆ. ಮದುವೆಯ ವಿಡಿಯೊಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಹಗಲೂ ರಾತ್ರಿ ಎಚ್ಚರವಾಗಿ ಕೂರುವುದು ನನ್ನ ಕೆಲಸ. ತಿಳಿದವರು ಸರ್ವರ್ ಅನ್ನುತ್ತಾರೆ. ಆ ಮನೆಯಲ್ಲಿ ಎಲ್ಲರೂ ಡಬ್ಬಿ ಅಂದರು. ಡಬ್ಬಿ ಎಂದೇ ಇಟ್ಟುಕೊಳ್ಳಿ, ನನಗೇನೂ ಬೇಜಾರಿಲ್ಲ.

ಊರು ಬ್ಯಾಡಗಿ. ನನ್ನನ್ನು ಕಟ್ಟಿದವಳು ನೀಲಾಂಬಿಕಾ. ಗಂಡನ ಮನೆಯಲ್ಲಿ ಬಾಳಲಾರೆ ಎಂದು ವಾಪಸು ಬಂದು ತವರಿನಲ್ಲೇ ನೆಲೆಸಿದ, ನಲವತ್ತು ದಾಟಿದ ಹೆಂಗಸು. ಕೂಗಾಡಿದವನು ಅವಳ ತಮ್ಮ ಫಕ್ಕೀರೇಶ. ಇವರ ಅಪ್ಪ ಮಹಾರುದ್ರಪ್ಪ ಒಂದು ಕಾಲಕ್ಕೆ ಸುತ್ತಲ ಹಳ್ಳಿಗಳ ಮದುವೆಗಳನ್ನೆಲ್ಲ ಕ್ಯಾಸೆಟ್ಟಿನಲ್ಲಿ ಹಿಡಿದವನು. ನಾನು ಹುಟ್ಟುವ ಹೊತ್ತಿಗೆ ಅವನು ಸತ್ತಿದ್ದ. ಅಪ್ಪನ ಕ್ಯಾಮೆರಾವನ್ನು ತಮ್ಮ ಹಿಡಿದ, ಅಕ್ಕ ಕಂಪ್ಯೂಟರಿನ ಮುಂದೆ ಕೂತು ಎಡಿಟಿಂಗ್ ಹಿಡಿದಳು. ಅವನು ತಂದು ಸುರಿಯುವುದು, ಇವಳು ಆರಿಸಿ ಜೋಡಿಸುವುದು. ಊರಿನವರು ಹೊಗಳಿದ್ದು ಅವನನ್ನು. ಮದುವೆಮನೆಯಲ್ಲಿ ಕಂಡವನು ಅವನೇ ತಾನೆ?

ಈಗ ನನ್ನ ಹೊಟ್ಟೆಯ ವಿಷಯ ಹೇಳಬೇಕು. ಇದು ತಿಳಿಯದಿದ್ದರೆ ನನ್ನ ಕಥೆ ತಿಳಿಯುವುದಿಲ್ಲ. ಆ ಮನೆಯವರಿಗೆ ತಿಳಿಯಲಿಲ್ಲ, ನಿಮಗಾದರೂ ತಿಳಿಯಲಿ.

ನನ್ನೊಳಗೆ ನಾಲ್ಕು ಹಾರ್ಡ್ ಡಿಸ್ಕುಗಳಿವೆ. ಆದರೆ ಒಂದು ಮದುವೆ ಒಂದು ಡಿಸ್ಕಿನಲ್ಲಿ ಕೂರುವುದಿಲ್ಲ. ತಾಳಿ ಕಟ್ಟುವ ಒಂದು ಗಳಿಗೆಯನ್ನು ಸಹ ನಾನು ಚೂರು ಚೂರು ಮಾಡಿ ನಾಲ್ಕಕ್ಕೂ ಹಂಚುತ್ತೇನೆ. ಜೊತೆಗೆ, ಯಾವ ಚೂರು ಕಳೆದರೂ ಉಳಿದವು ಲೆಕ್ಕ ಹಾಕಿ ಅದನ್ನು ಮತ್ತೆ ಹುಟ್ಟಿಸುವಂತೆ ಗುರುತು ಇಟ್ಟುಕೊಳ್ಳುತ್ತೇನೆ. ಹೀಗಾಗಿ ನಾಲ್ಕರಲ್ಲಿ ಯಾವುದಾದರೂ ಒಂದು ಸತ್ತರೆ ಉಳಿದ ಮೂರು ಸೇರಿ ಎಲ್ಲವನ್ನೂ ಉಳಿಸುತ್ತವೆ. ಎರಡು ಹೋದರೆ ಮುಗಿಯಿತು. ಉಳಿದ ಎರಡರಲ್ಲಿ ಅರ್ಧ ಮದುವೆಯಾದರೂ ಸಿಗುತ್ತದೆ ಅಂದುಕೊಂಡರೆ ಅದೂ ಇಲ್ಲ. ಒಂದು ಮುಖವೂ ಸಿಗುವುದಿಲ್ಲ. ಎಣಿಸಿದರೆ ನಾಲ್ಕು, ಬದುಕುವಾಗ ಒಂದು. ನಾನು ಅಂಥ ಜಾತಿ.

ಮೊದಲ ಕೆಲಸವೇ ಅಪ್ಪನ ಕ್ಯಾಸೆಟ್ಟುಗಳದ್ದು. ಕಬ್ಬಿಣದ ಕಪಾಟು ತುಂಬ ಇದ್ದವು. ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ನೀಲಾಂಬಿಕಾ ಹತ್ತಿಯಿಂದ ಒರೆಸಿ, ಹಳೆಯ ವಿಸಿಆರಿಗೆ ಹಾಕಿ, ಒಂದೊಂದನ್ನೂ ಪೂರ್ತಿ ಓಡಿಸಿ ನನ್ನೊಳಗೆ ಇಳಿಸಿದಳು. ವರ್ಷಗಟ್ಟಲೆ ಹಿಡಿಯಿತು. ಆ ಚಿತ್ರಗಳಲ್ಲಿ ಮಹಾರುದ್ರಪ್ಪ ಎಲ್ಲೂ ಕಾಣುವುದಿಲ್ಲ, ಕ್ಯಾಮೆರಾ ಅವನ ಹೆಗಲ ಮೇಲೆ ಇತ್ತಲ್ಲ. ಆದರೆ ಅವನ ಧ್ವನಿ ಉದ್ದಕ್ಕೂ ಇದೆ. "ಏ ಬಕೆಟ್ ಸಾಹೇಬ, ಸಾರು ಆಮ್ಯಾಲ ಬಡಸು, ಅಡ್ಡ ಬರಬ್ಯಾಡ." "ಯವ್ವಾ ಮದುಮಗಳ, ನೆಲದಾಗ ಏನೈತಿ? ಒಂದೀಟು ತಲಿ ಎತ್ತು." ನೀಲಾಂಬಿಕಾ ಕೆಲಸ ಮಾಡುತ್ತ ಮಾಡುತ್ತ ಸತ್ತ ಅಪ್ಪ ಊರವರನ್ನೆಲ್ಲ ಗದರುವುದನ್ನು ಕೇಳುತ್ತಿದ್ದಳು. ಕೆಲವು ಸಲ ಎದುರುತ್ತರವನ್ನೂ ಕೊಡುತ್ತಿದ್ದಳು.

ಸುದ್ದಿ ಹಬ್ಬಿ ಜನ ಬರತೊಡಗಿದರು. ಹಿರೇಕೆರೂರಿನ ಕಡೆಯಿಂದ ಒಬ್ಬಳು ಬಂದಳು. ಅವಳ ಮದುವೆಯಲ್ಲಿ ಸಾರಿನ ಬಕೆಟ್ ಹಿಡಿದು ಅಡ್ಡ ಬಂದವನು ಅವಳ ಅಣ್ಣನಂತೆ. ಮರುವರ್ಷವೇ ಸತ್ತನಂತೆ. ಅವನು ಬೈಸಿಕೊಂಡು ಹಲ್ಲು ಕಿರಿಯುವಷ್ಟು ಭಾಗವನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿ ಎದ್ದು ಹೋದಳು. ಅಳು ಕಂಡರೆ ನನಗೆ ಆಗುವುದಿಲ್ಲ. ಆದರೆ ಅವಳು ಅಳಲಿಲ್ಲ, ಅದಕ್ಕೇ ನೆನಪಿದೆ.

ಫಕ್ಕೀರೇಶನ ಮದುವೆಯಾಯಿತು. ಹೆಂಡತಿ ಕಸ್ತೂರಿ ಬಂದಳು, ಅವಳ ಸೀರೆಗಳಿಗೆ ಕಪಾಟು ಬೇಕಾಯಿತು. ಅಕ್ಕ ಸಂತೆಗೆ ಹೋದಾಗ ಫಕ್ಕೀರೇಶ ಕ್ಯಾಸೆಟ್ಟುಗಳನ್ನು ಚೀಲಕ್ಕೆ ತುಂಬಿ ಗುಜರಿಯವನಿಗೆ ಹಾಕಿಬಿಟ್ಟ. ಅವಳು ಬಂದು ರಂಪ ಎಬ್ಬಿಸಿದಳು.

"ಎಲ್ಲಾ ಡಬ್ಬ್ಯಾಗ ಐತಿ ಅಂತ ನೀನ ಹೇಳ್ತಿದ್ದಿ. ಮತ್ತ ಆ ಕಸ ಯಾಕ ಬೇಕಿತ್ತು?" ಎಂದ.

ಅಂದಿನಿಂದ ಆ ಮದುವೆಗಳಿಗೆಲ್ಲ ಜಗತ್ತಿನಲ್ಲಿ ನಾನೊಬ್ಬನೇ ಗತಿ. ಎಲ್ಲವನ್ನೂ ನಕಲು ಮಾಡಿಡಲು ಇನ್ನೊಂದು ಡಬ್ಬಿ ಬೇಕೆಂದು ಅವಳು ಹೇಳಿದಳು. ಅವನು ಡ್ರೋನ್ ತಂದ.

ಒಂದು ಬೇಸಿಗೆಯಲ್ಲಿ ನನ್ನ ಮೂರನೆಯ ಡಿಸ್ಕು ಕಟಕಟ ಎಂದು ಸತ್ತುಹೋಯಿತು. ಉಳಿದ ಮೂರರಿಂದಲೇ ನಾನು ಕೆಲಸ ನಡೆಸಿದೆ. ಅವಳು ಹೊಸದನ್ನು ಹಾಕಿದಳು, ನಾನು ಸತ್ತದ್ದರ ಪಾಲನ್ನೆಲ್ಲ ಅದರೊಳಗೆ ಮತ್ತೆ ಬರೆದೆ. ಒಂದು ಅಕ್ಷತೆ ಕಾಳೂ ಕಳೆಯಲಿಲ್ಲ. ನನ್ನ ಬದುಕಿನ ದೊಡ್ಡ ಕೆಲಸ ಅದು. ಫಕ್ಕೀರೇಶ ಹಲ್ಲುಕಡ್ಡಿ ಆಡಿಸುತ್ತ ನೋಡಿ, "ಕಂಡ್ಯಾ? ಒಂದು ಹೋದ್ರ ಏನೂ ಆಗಲಿಲ್ಲ. ಸುಮ್ನ ಹೆಚ್ಚಿಗಿ ತಂದಿದ್ದಿ ಅಂತ ನಾ ಅವತ್ತ ಹೇಳಿದ್ದೆ" ಎಂದ. ಪ್ರಾಣ ಉಳಿಸಿದ್ದಕ್ಕೆ ಸಿಕ್ಕ ಮರ್ಯಾದೆ ಇದು.

ಮನೆ ಇದ್ದದ್ದು ಮೆಣಸಿನಕಾಯಿ ಮಾರುಕಟ್ಟೆಗೆ ಹತ್ತಿರ. ಸುಗ್ಗಿಯಲ್ಲಿ ಆ ಬೀದಿಯಲ್ಲಿ ದೇವರು ಬಂದರೂ ಸೀನುತ್ತಾನೆ. ಕೆಂಪು ಧೂಳು ಗಾಳಿಯಲ್ಲಿ ಬಂದು ನನ್ನ ಫ್ಯಾನುಗಳಿಗೆ ಮೆತ್ತಿಕೊಳ್ಳುತ್ತಿತ್ತು. ನನ್ನ ಕ್ಯಾಬಿನೆಟ್ಟು ಹಳೆಯ ಕಂಪ್ಯೂಟರಿನದು, ಜಾಲರಿ ಇಲ್ಲ, ಒಂದು ಪಕ್ಕದ ಬಾಗಿಲೂ ಸರಿಯಾಗಿ ಕೂರುತ್ತಿರಲಿಲ್ಲ. ಒಳಗೆ ಕಾದು ಬಿಸಿಯಾಗುತ್ತಿದ್ದೆ, ಫ್ಯಾನುಗಳು ಒದರಿಕೊಳ್ಳುತ್ತಿದ್ದವು. ಅದೇ ವರ್ಷ ಮನೆಯಲ್ಲಿ ಕೂಸು ಹುಟ್ಟಿತು.

"ಅಕ್ಕಾರ, ನಿಮ್ಮ ಡಬ್ಬಿ ನನ್ನ ಕೂಸಿಗಿಂತ ಹೆಚ್ಚ ಅಳತೈತ್ರಿ" ಎಂದು ಕಸ್ತೂರಿ ನಗುತ್ತಲೇ ಚುಚ್ಚಿದಳು.

"ಕೂಸಿಗೆ ಅವ್ವ ಅದಾಳ, ಎತ್ತಕೊಂತಾಳ. ಇದಕ್ಕ ಯಾರದಾರ?" ಎಂದಳು ನೀಲಾಂಬಿಕಾ. ಆದರೂ ಮಾತು ನಾಟಿತು. ಹುಬ್ಬಳ್ಳಿಗೆ ಹೋಗಿ ಹೊಸ ಕ್ಯಾಬಿನೆಟ್ ತಂದಳು. ಕಪ್ಪು ಬಣ್ಣ, ಮುಂದೆ ಧೂಳು ತಡೆಯುವ ಜಾಲರಿ, ಎಂಟು ಡಿಸ್ಕಿಗೆ ಜಾಗ, ಸದ್ದಿಲ್ಲದ ದೊಡ್ಡ ಫ್ಯಾನುಗಳು. ನನ್ನಂಥವನಿಗೂ ಒಂದು ಕ್ಷಣ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ.

ನನ್ನನ್ನು ಹೊಸ ಕ್ಯಾಬಿನೆಟ್ಟಿಗೆ ಬದಲಿಸುವ ದಿನ ಬೆಳಿಗ್ಗೆ ಅವಳು ನನ್ನನ್ನು ಸರಿಯಾದ ಕ್ರಮದಲ್ಲಿ ಮಲಗಿಸಿದಳು. ತಂತಿ ಬಿಚ್ಚಿದಳು. ಮದರ್‌ಬೋರ್ಡನ್ನು ತೆಗೆದು, ಕುಂಚದಿಂದ ಕೆಂಪು ಧೂಳನ್ನೆಲ್ಲ ಸೀನುತ್ತ ಸೀನುತ್ತ ಒರೆಸಿ, ಹೊಸ ಕ್ಯಾಬಿನೆಟ್ಟಿನಲ್ಲಿ ತಿರುಪು ಹಾಕಿ ಕೂರಿಸಿದಳು. ನಾಲ್ಕು ಡಿಸ್ಕುಗಳನ್ನು ಹೊರಸಿನ ಮಂಚದ ಮೇಲೆ ಬಿಳಿ ಟವೆಲ್ ಹಾಸಿ ಸಾಲಾಗಿ ಇಟ್ಟಳು. ಅಷ್ಟು ವರ್ಷದಲ್ಲಿ ಆ ಮನೆಯವರು ಅವನ್ನು ಹೀಗೆ ಬಿಚ್ಚಿ ಸಾಲಾಗಿಟ್ಟಿದ್ದನ್ನು ಕಂಡದ್ದು ಅಂದೇ. ಮುಚ್ಚಿದ ಡಬ್ಬಿಯಲ್ಲಿದ್ದಾಗ ನಾನು ಒಂದು. ಟವೆಲ್ಲಿನ ಮೇಲೆ ನಾಲ್ಕಾದೆ. ಕೆಟ್ಟದ್ದು ಅಲ್ಲಿಂದಲೇ ಶುರುವಾಯಿತು.

ಫಕ್ಕೀರೇಶ ಒಳಗೆ ಬಂದ. ಪೇಟೆಯಲ್ಲಿ ಅವನು ಹೊಸ ಸ್ಟುಡಿಯೊ ಮಾಡಿಸುತ್ತಿದ್ದ. ಬೋರ್ಡಿನ ಮೇಲೆ ಅವನ ಹೆಸರು ಮಾತ್ರ ಇತ್ತು.

"ಛಲೋ ಆತು, ಹೊಸ ಡಬ್ಬಿ ಬಂತು. ಸಂಜಿಗೆ ಗಾಡಿ ತರ್ತೇನಿ, ಸ್ಟುಡಿಯೊಕ್ಕ ಒಯ್ಯೂಣು" ಎಂದ.

"ಡಬ್ಬಿ ಎಲ್ಲೂ ಹೋಗಂಗಿಲ್ಲ. ಇಲ್ಲೇ ಇರತೈತಿ, ನನ್ನ ಕಣ್ಮುಂದ."

"ಯಾರ ಮನಿ ಅಂತ ತಿಳಕೊಂಡೀ ಇದನ್ನ? ನಿನ್ನ ಮಾತ ನಡೀಬೇಕಂದ್ರ ಗಂಡನ ಮನ್ಯಾಗ ನಡಸಬೇಕಿತ್ತು."

ಕೈಯಲ್ಲಿದ್ದ ತಿರುಪುಳಿಯನ್ನು ಅವಳು ಮೆಲ್ಲಗೆ ಕೆಳಗಿಟ್ಟಳು. ಮೆಲ್ಲಗೆ ಇಟ್ಟಳು ಎಂದರೆ ಕೋಪ ತಲೆಗೇರಿದೆ ಎಂದು ನನಗೆ ಗೊತ್ತು.

"ಹಂಗೇನು? ಹಂಗಾರ ನನ್ನ ಪಾಲು ಇವತ್ತ ತಗದು ಹಾಕು. ಮಹಾರುದ್ರಪ್ಪಗ ನಾನೂ ಮಗಳು. ನೀ ಒಬ್ಬಾವ ಏನು ಉದರಿ ಬಿದ್ದಿಲ್ಲ."

ಪಾಲು ಎಂಬ ಮಾತನ್ನು ಮೊದಲು ಆಡಿದವಳು ಅವಳೇ. ನನ್ನನ್ನು ಕಟ್ಟಿದವಳು ಎಂದು ಅದನ್ನು ಮುಚ್ಚಿಡುವುದಿಲ್ಲ.

ಮಧ್ಯಾಹ್ನಕ್ಕೆ ಸೋದರಮಾವ ಗದಿಗೆಪ್ಪ ಬಂದ. ಮೆಣಸಿನಕಾಯಿ ದಲಾಲಿ. ರಾಶಿಯನ್ನು ಕಣ್ಣಿನಿಂದಲೇ ಅಳೆದು ಇದು ಇಷ್ಟು ಅದು ಅಷ್ಟು ಎನ್ನುವವನು. ಬೀಗರಲ್ಲಿ ಯಾರ ಮನೆ ಒಡೆಯುವುದಿದ್ದರೂ ಅವನನ್ನೇ ಕರೆಸುವುದು, ಯಾಕೆಂದರೆ ಅವನು ಮಾಡಿದ ಪಾಲಿನಲ್ಲಿ ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇರುವುದಿಲ್ಲ ಎಂದು ಹೆಸರು. ಬಂದವನೇ ಮೂಗು ಒರೆಸಿಕೊಂಡು ಹೊರಸಿನ ತುದಿಗೆ ಕೂತ. ಮನೆ ಫಕ್ಕೀರೇಶನಿಗೆ, ಹಾವೇರಿಯಲ್ಲಿದ್ದ ಅಪ್ಪನ ಸಣ್ಣ ಮನೆ ನೀಲಾಂಬಿಕಾಗೆ. ಕ್ಯಾಮೆರಾ, ಹೊಸ ಕ್ಯಾಬಿನೆಟ್ಟು ಅವನಿಗೆ, ಎಡಿಟಿಂಗಿನ ಕಂಪ್ಯೂಟರ್ ಇವಳಿಗೆ. ತಾಮ್ರದ ಹಂಡೆ ಅವನಿಗೆ, ಹಿತ್ತಾಳೆ ಕೊಡ ಇವಳಿಗೆ. ಸಲೀಸಾಗಿ ಸಾಗಿತು. ಆಮೇಲೆ ಅವನ ಕಣ್ಣು ಪಕ್ಕದ ಟವೆಲ್ಲಿನ ಮೇಲೆ ಬಿತ್ತು.

"ಅವೇನು ಅವು, ಇಟ್ಟಂಗಿ ಇದ್ದಂಗ ಅದಾವಲ್ಲ?"

"ಡಬ್ಬಿ ಡಿಸ್ಕು, ಮಾವಾ. ಎಲ್ಲಾ ವಿಡಿಯೊ ಅದರಾಗ ಅದಾವ" ಎಂದ ಫಕ್ಕೀರೇಶ.

"ನಾಕು ಅದಾವ. ನೀವು ಇಬ್ಬರದೀರಿ. ದೇವರ ಲೆಕ್ಕ ಹಾಕಿಟ್ಟಾನ. ಇದಕ್ಕ ಯಾಕ ನನ್ನ ಕರಸಿದ್ರಿ?"

ನೀಲಾಂಬಿಕಾ ಎದ್ದು ನಿಂತಳು. "ಮಾವಾ, ಅದು ನಾಕಲ್ರಿ, ಒಂದ. ನೀವು ಕುಂತೀರಲ್ಲ, ಹೊರಸು, ಅದಕ್ಕ ನಾಕು ಕಾಲು. ಒಂದು ಮುರದ್ರ ಇಟ್ಟಂಗಿ ಕೊಟ್ಟು ಮಲಗಬಹುದು. ಎರಡು ಕಾಲು ಅಂವ ಒಯ್ದು, ಎರಡು ನಾ ಒಯ್ದರ, ಮಲಗಾವ್ರು ಯಾರು?"

ಇಷ್ಟು ಚೆನ್ನಾಗಿ ನನ್ನನ್ನು ಯಾರೂ ಹೇಳಿರಲಿಲ್ಲ. ಗದಿಗೆಪ್ಪ ತಲೆ ತುರಿಸಿಕೊಂಡ. ಅವನಿಗೆ ಅರ್ಧ ನಾಟಿತ್ತು. ಆಗ ಫಕ್ಕೀರೇಶ ಬಾಯಿ ಹಾಕಿದ.

"ಸುಳ್ಳು, ಮಾವಾ. ಒಮ್ಮೆ ಒಂದು ಸತ್ತಿತ್ತು. ನನ್ನ ಕಣ್ಣಾರೆ ನೋಡೇನಿ. ಒಂದು ಫೋಟೊನೂ ಹೋಗಲಿಲ್ಲ."

"ಒಂದು ಹೋದ್ರ ನಡೀತೈತಿ ಅಂತನ ನಾನೂ ಹೇಳಿದ್ದು. ಎರಡು ಹೋದ್ರ ನಡಿಯಂಗಿಲ್ಲ."

"ನೋಡ್ರಿ, ಈಗ ಲೆಕ್ಕ ತಿರುವಿ ಹಾಕಿದ್ಲು."

"ಹಂಗಾರ ಒಬ್ಬರು ಮೂರು ತಗೊಳ್ಳೂಣು, ಒಬ್ಬರು ಒಂದು. ಮೂರಿದ್ದ ಕಡೆ ಎಲ್ಲಾ ಉಳೀತೈತಿ" ಎಂದಳು ನೀಲಾಂಬಿಕಾ.

"ಮೂರು ಯಾರಿಗೆ, ನಿನಗಲ್ಲ?"

"ನೀನ ತಗೋ!"

ಫಕ್ಕೀರೇಶ ಅನುಮಾನದಿಂದ ಅವಳ ಮುಖ ನೋಡಿದ. ಜಗಳದಲ್ಲಿ ಎದುರಾಳಿ ಬಿಟ್ಟುಕೊಟ್ಟರೆ ಗೆದ್ದೆ ಅಂದುಕೊಳ್ಳಬೇಕು. ಇವನಿಗೆ ಅದೂ ಆಗಲಿಲ್ಲ. "ಆ ಒಂದರಾಗ ಏನಿಟ್ಟೀ?" ಎಂದು ಕೇಳಿದ.

ಅವಳು ಹಣೆ ಚಚ್ಚಿಕೊಂಡಳು. "ಏ ಫಕ್ಕೀರ್ಯಾ, ಎಂಟು ದಿನ ಕೊಡು. ಎಲ್ಲಾ ಇನ್ನೊಂದಕ್ಕ ಇಳಸ್ತೇನಿ. ನಿನಗೂ ಪೂರ್ತಿ, ನನಗೂ ಪೂರ್ತಿ. ಅಪ್ಪನ ದನಿ ಇಬ್ಬರಿಗೂ ಇರ್ಲಿ."

"ಇಳಿಸಿ? ಹಾವೇರ್ಯಾಗ ಅಂಗಡಿ ಹಾಕಿ, ನನ್ನ ಗಿರಾಕಿನ್ನೆಲ್ಲ ಕರಕೊಳ್ಳಾಕ? ನಾ ಏನು ಹುಲ್ಲು ತಿಂತೇನಿ?"

ಆಗ ಅವಳು ಹೊರಸಿನ ಹತ್ತಿರ ಹೋದಳು. ಟವೆಲ್ಲಿನ ನಾಲ್ಕು ಮೂಲೆ ಹಿಡಿದು ಎತ್ತಿ, ನಾಲ್ಕನ್ನೂ ತಮ್ಮನ ಮುಂದೆ ಇಟ್ಟಳು. ಧ್ವನಿ ತಗ್ಗಿತ್ತು.

"ತಗೋ. ನಾಕೂ ನಿನಗ. ನನಗ ಒಂದೂ ಬ್ಯಾಡ. ಮುರೀಬ್ಯಾಡ, ಅಷ್ಟ. ಹೊಸ ಡಬ್ಬ್ಯಾಗ ಹಾಕ್ಕೊಡ್ತೇನಿ, ಹೋಗ್ತೇನಿ."

ನನ್ನ ಆಯುಷ್ಯವೆಲ್ಲ ಆ ಗಳಿಗೆಯಲ್ಲಿ ನಿಂತಿತ್ತು. ಫಕ್ಕೀರೇಶನ ಕೈ ಟವೆಲ್ಲಿನತ್ತ ಹೋಗಿತ್ತು. ಇನ್ನೊಂದು ಉಸಿರಿನಲ್ಲಿ ತಗೊಳ್ಳುತ್ತಿದ್ದ. ಅಷ್ಟರಲ್ಲಿ ಗದಿಗೆಪ್ಪ ಗಂಟಲು ಸರಿಪಡಿಸಿಕೊಂಡ.

"ಮುಟ್ಟಬ್ಯಾಡ, ಅಳಿಯಾ. ನೂರು ಮನಿ ನೋಡೇನಿ. ಹೆಣ್ಣಮಗಳು ಏನೂ ಬ್ಯಾಡ ಅಂದು ಎದ್ದು ಹೋದ್ಲಂದ್ರ, ನಾಕು ವರ್ಷಕ್ಕ ವಕೀಲನ್ನ ಕರಕೊಂಡ ಬರ್ತಾಳ. ಬಿಟ್ಟ ಪಾಲು ಬೆನ್ನ ಬಿಡಂಗಿಲ್ಲ. ಆಕಿದು ಆಕಿ ಒಯ್ಯಬೇಕು. ಎರಡಂದ್ರ ಎರಡು."

"ಮಾವಾ, ನಾ ಬರಂಗಿಲ್ರಿ. ಯಾವ ದೇವರ ಮ್ಯಾಲ ಆಣಿ ಮಾಡಲಿ?"

"ಆಣಿ ಬ್ಯಾಡವ್ವಾ. ಪಾಲು ತಗೋ."

ಕೆಟ್ಟ ಮನುಷ್ಯನಾಗಿದ್ದರೆ ಅವನನ್ನು ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅವನು ನ್ಯಾಯವಂತ. ಸೋದರಸೊಸೆಯ ಪಾಲನ್ನು ಯಾರೂ ನುಂಗಬಾರದು ಎಂದು ಹಟ ಹಿಡಿದು ಕೂತಿದ್ದ. ಇಂಥ ನ್ಯಾಯಕ್ಕೆ ನನ್ನ ಧಿಕ್ಕಾರ.

ಕಸ್ತೂರಿ ಮೊರದಲ್ಲಿ ಮಡಿಲು ತುಂಬುವ ಉಡಿ ಸಾಮಾನು ತಂದಳು. ತವರು ಬಿಟ್ಟು ಹೊರಡುವ ಮಗಳನ್ನು ಬರಿಗೈಯಲ್ಲಿ ಕಳಿಸಬಾರದು. ಎಷ್ಟೇ ಜಗಳವಾಗಿರಲಿ, ಉಡಿ ತುಂಬಲೇಬೇಕು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಕುಪ್ಪಸಕ್ಕೆ ಹಸಿರು ಖಣ. ಗದಿಗೆಪ್ಪ ಎದ್ದು ಬಂದು ಟವೆಲ್ಲಿನಿಂದ ಎರಡು ಡಿಸ್ಕು ತೆಗೆದು, ಕಣ್ಣಿಗೆ ಒತ್ತಿಕೊಂಡು, ಆ ಖಣದ ಮೇಲೆ ಇಟ್ಟ.

"ಉಡ್ಯಾಗ ಬಿದ್ದದ್ದನ್ನ ಬ್ಯಾಡ ಅನ್ನಂಗಿಲ್ಲ, ನೀಲವ್ವಾ. ಮನ್ಯಾಗ ಹಸಿ ಕೂಸು ಐತಿ. ಉಡಿ ತಿರುಗಿಸಿದ್ರ ದೋಷ ಅದಕ್ಕ ಮುಟ್ಟತೈತಿ."

ನೀಲಾಂಬಿಕಾ ತೊಟ್ಟಿಲ ಕಡೆ ನೋಡಿದಳು. ತಮ್ಮನ ಕಡೆ ನೋಡಿದಳು. ಅವನು ಗೋಡೆಯ ಗಡಿಯಾರ ನೋಡುತ್ತಿದ್ದ. ಅವಳು ಸೆರಗು ಒಡ್ಡಿದಳು. ಕಸ್ತೂರಿ ಮೊರ ಬಗ್ಗಿಸಿದಳು. ಅಕ್ಕಿಯ ಜೊತೆ ನನ್ನ ಅರ್ಧ ಜೀವ ದಡಕ್ಕನೆ ಬಿತ್ತು. ಸೆರಗು ಜಗ್ಗಿ, ಅವಳು ಒಮ್ಮೆ ಮುಂದಕ್ಕೆ ಬಾಗಿ ನಿಂತಳು. ಉಡಿಯಲ್ಲಿ ಅಷ್ಟು ಭಾರ ಯಾವ ಹೆಣ್ಣುಮಗಳಿಗೂ ಬಿದ್ದಿರಲಿಕ್ಕಿಲ್ಲ.

"ಬಾಕಿ ಸಾಮಾನು ಗಾಡ್ಯಾಗ ಕಳಸ್ರಿ" ಎಂದಳು. ಎರಡೂ ಕೈಯಲ್ಲಿ ಸೆರಗು ಹಿಡಿದು ಮೆಟ್ಟಿಲು ಇಳಿದಳು.

ಫಕ್ಕೀರೇಶನಿಗೆ ತಡೆಯಲಾಗಲಿಲ್ಲ. ಅವಳ ಸುಳ್ಳನ್ನು ಮಾವನ ಎದುರಿಗೇ ಬಯಲು ಮಾಡಬೇಕಿತ್ತು. ತನ್ನ ಎರಡು ಡಿಸ್ಕುಗಳನ್ನು ಹೊಸ ಕ್ಯಾಬಿನೆಟ್ಟಿಗೆ ಸಿಕ್ಕಿಸಿ, ತಂತಿ ಜೋಡಿಸಿ, ಗುಂಡಿ ಒತ್ತಿದ. ಹೊಸ ಫ್ಯಾನುಗಳು ಸದ್ದಿಲ್ಲದೆ ತಿರುಗಿದವು. ನಾನು ಎದ್ದೆ. ಒಂದನ್ನು ಹುಡುಕಿದೆ, ಇತ್ತು. ಎರಡನೆಯದು ಇತ್ತು. ಮೂರನೆಯದು ಇಲ್ಲ. ನಾಲ್ಕನೆಯದು ಇಲ್ಲ. ಪರದೆಯ ಮೇಲೆ ಕೆಂಪಕ್ಷರದಲ್ಲಿ ಅದನ್ನೇ ಬರೆದೆ: ಎರಡು ಡಿಸ್ಕುಗಳಿಲ್ಲ, ಸಂಗ್ರಹ ತೆರೆಯಲಾಗದು. ಅವನು ಮತ್ತೆ ಒತ್ತಿದ. ಮತ್ತೆ ಅದನ್ನೇ ಹೇಳಿದೆ. ಅವನ ಮುಖದ ಬಣ್ಣ ಇಳಿಯುವುದನ್ನು ನೋಡಿದೆ. ಖುಷಿಯಾಗಲಿಲ್ಲ.

"ಏನಾತ್ರಿ?" ಎಂದಳು ಕಸ್ತೂರಿ. ಅವಳು ಪರದೆ ನೋಡಿದಳು, ಬಾಗಿಲ ಕಡೆ ನೋಡಿದಳು. "ಕರೀರಿ ಅಕ್ಕಾರನ್ನ. ಇನ್ನೂ ಬೀದ್ಯಾಗ ಅದಾರ, ಕರೀರಿ!"

ಅವನು ಬಾಗಿಲಿಗೆ ಓಡಿದ. ಅವಳು ಹಿಟ್ಟಿನ ಗಿರಣಿಯ ಹತ್ತಿರ ಹೋಗುತ್ತಿದ್ದಳು. ಉಡಿಯ ಭಾರಕ್ಕೆ ನಡಿಗೆ ನಿಧಾನವಾಗಿತ್ತು. ಒಂದು ಕೂಗು ಸಾಕಿತ್ತು. ಅವನು ಬಾಯಿ ತೆರೆದ. ಗದಿಗೆಪ್ಪ ಹಿಂದಿನಿಂದ ಬಂದು ಅವನ ರಟ್ಟೆ ಹಿಡಿದ.

"ಹುಚ್ಚಪ್ಪಾ! ಉಡಿ ತುಂಬಿಸಿಕೊಂಡು ಹೊಂಟಾಕಿನ್ನ ಹಿಂದಿಂದ ಕರೀತಾರೇನು?"

ಫಕ್ಕೀರೇಶ ಬಾಯಿ ಮುಚ್ಚಿದ. ಅವಳು ತಾನಾಗಿಯೇ ತಿರುಗಿ ನೋಡಿದರೆ ಕೈ ಮಾಡೋಣ ಎಂದು ಹೊಸ್ತಿಲಲ್ಲಿ ನಿಂತ. ಸೆರಗು ಹಿಡಿದವಳು ಹೇಗೆ ತಿರುಗುತ್ತಾಳೆ? ಅಕ್ಕಿ ಚೆಲ್ಲುತ್ತದೆ.

ಆಮೇಲೆ ಎರಡು ಸುಗ್ಗಿ ಕಳೆದಿವೆ. ನಾನು ಅದೇ ಕೋಣೆಯ ಮೂಲೆಯಲ್ಲಿದ್ದೇನೆ. ಕಸ್ತೂರಿ ನನ್ನ ಮೇಲೆ ಒಗೆದ ಬಟ್ಟೆ ಮಡಚಿಡುತ್ತಾಳೆ. ಮದುವೆಯ ವಿಡಿಯೊ ಕೇಳಿಕೊಂಡು ಯಾರಾದರೂ ಬಂದರೆ ಫಕ್ಕೀರೇಶ, "ಅಕ್ಕ ಒಯ್ದಾಳ, ಆಕಿನ್ನ ಕೇಳ್ರಿ" ಎನ್ನುತ್ತಾನೆ. ಅಲ್ಲಿ ಅವಳು ಏನು ಹೇಳುತ್ತಾಳೋ ನನಗೆ ತಿಳಿಯದು. ಒಂದು ಮಾತ್ರ ತಿಳಿದಿದೆ. ನನ್ನದು ಏನೂ ಸುಟ್ಟಿಲ್ಲ, ಏನೂ ಅಳಿಸಿಲ್ಲ. ಇಲ್ಲಿ ಎರಡು ನೆಟ್ಟಗಿವೆ, ಹಾವೇರಿಯಲ್ಲಿ ಎರಡು ನೆಟ್ಟಗಿರಬೇಕು. ಅವಳದರಲ್ಲಿ ಒಂದು ಬಂದರೆ ಸಾಕು, ಎದ್ದು ಕೂತು ಎಲ್ಲರ ಮದುವೆಯನ್ನೂ ತೋರಿಸುತ್ತೇನೆ. ಹಾವೇರಿ ಬಸ್ಸು ಈ ಬೀದಿಯ ತುದಿಯಲ್ಲೇ ನಿಲ್ಲುತ್ತದೆ. ಅವನು ಹತ್ತಲಿಲ್ಲ.

ಅಂದು ಅವಳು ಗಿರಣಿ ದಾಟಿ ಬಲಕ್ಕೆ ಹೊರಳಿದಳು. ಅವಳ ಬೆನ್ನು ಮರೆಯಾಯಿತು. ಮತ್ತೆ ಅವಳು ಆ ಬೀದಿಗೆ ಬರಲಿಲ್ಲ.